ಬಾಗಿಲು ಹಾಕಿಕೊಂಡು ಉಣ್ಣುವ ನಮ್ಮ ಅತ್ತೆ

ನಮ್ಮ ಅತ್ತೆ ಊಟ ಮಾಡುವುದನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದರೆ ಮುಂದೆ ಬರಲಿ, ನಾನೇ ಶಾಲು ಹೊದಿಸಿ ಸನ್ಮಾನ ಮಾಡುತ್ತೇನೆ! ಮದುವೆಯಾದ ಹೊಸದರಲ್ಲಿ ನಾನು ಕಂಡಿದ್ದೆ, ಅದು ಬೇರೆ ಮಾತು. ಆಗ ಅವರು ಕಮಲಾಪುರದಲ್ಲಿದ್ದರು. ಖಡಕ್ ರೊಟ್ಟಿಯನ್ನು ಹಪ್ಪಳದ ಹಾಗೆ ಪಟಪಟ ಮುರಿದು, ಶೇಂಗಾ ಹಿಂಡಿಗೆ ಅದ್ದಿ, ನಡುನಡುವೆ ಹಸಿಮೆಣಸಿನಕಾಯಿ ಕಚ್ಚುತ್ತ ಉಣ್ಣುತ್ತಿದ್ದರು. ನೋಡುವವರ ಕಣ್ಣಲ್ಲಿ ನೀರು ಬರುತ್ತಿತ್ತೇ ಹೊರತು ಅವರ ಕಣ್ಣಲ್ಲಲ್ಲ. ಮಾವ ತೀರಿಕೊಂಡ ಮೇಲೆ ಅವರನ್ನು ಕಲಬುರಗಿಗೆ, ಐವಾನ್-ಎ-ಶಾಹಿ ಕಡೆಯ ನಮ್ಮ ಬಾಡಿಗೆ ಮನೆಗೆ ಕರೆದುಕೊಂಡು ಬಂದೆವು. ಅಂದಿನಿಂದ ಶುರುವಾಯಿತು ಈ ಬಾಗಿಲಿನ ಕಥೆ.

ಎಲ್ಲರ ಊಟ ಮುಗಿಯಲಿ ಎಂದು ಕಾಯುವರು. ಆಮೇಲೆ ತಾಟು ಹಿಡಿದು ಅಡುಗೆಮನೆ ಹೊಕ್ಕು, ಬಾಗಿಲು ಹಾಕಿ, ಒಳಗಿನಿಂದ ಚಿಲಕ ಜಡಿಯುವರು. ಸ್ವಲ್ಪ ಹೊತ್ತಿಗೆ ಒಳಗೆ ಕುಟ್, ಕುಟ್, ಕುಟ್. ಆಮೇಲೆ ಸದ್ದಿಲ್ಲ. ಆಮೇಲೊಂದು ಕೆಮ್ಮು. ಮತ್ತೆ ಕುಟ್, ಕುಟ್. ನಾನು ಮಕ್ಕಳ ಪರೀಕ್ಷೆಯ ಉತ್ತರಪತ್ರಿಕೆಗಳ ಒಂದು ದೊಡ್ಡ ಕಟ್ಟನ್ನೇ ತಿದ್ದಿ ಮುಗಿಸಿದರೂ ಆ ಬಾಗಿಲು ತೆರೆಯುತ್ತಿರಲಿಲ್ಲ. ಬೆಳಿಗ್ಗೆಯೂ ಇದೇ ಕಥೆ. ನನ್ನ ಬುತ್ತಿಡಬ್ಬಿ ಒಳಗೆ, ನಾನು ಹೊರಗೆ, ಶಾಲೆಯ ಗಂಟೆ ಇನ್ನೆಲ್ಲೋ! ಒಂದು ಲೋಟ ಚಹಾ ಕುಡಿದು ಓಡುತ್ತಿದ್ದೆ.

"ಅತ್ತಿ, ನಮ್ಮ ಜೋಡೀನೇ ಉಣ್ಣಾಕ ಕೂಡ್ರಿ" ಎಂದು ಎಷ್ಟೋ ಸಲ ಕರೆದೆ.

"ನಂಗ ನಾಲ್ಕು ಮಂದಿ ನಡುವ ಉಂಡ್ರ ಒಳಗ ಹೋಗಂಗಿಲ್ಲವಾ" ಎನ್ನುತ್ತಿದ್ದರು. ನಿಜವನ್ನೇ ಹೇಳಿದ್ದರು ಪುಣ್ಯಾತ್ಗಿತ್ತಿ, ಅರ್ಧ ನಿಜ!

ಮನೆಯಲ್ಲೇನೋ ಬಾಗಿಲಿತ್ತು, ಮದುವೆಮನೆಯಲ್ಲಿ ಎಲ್ಲಿಂದ ತರಬೇಕು? ನಮ್ಮ ಕಡೆ ಮದುವೆಗೆ ಹೋಗಿ ಉಣ್ಣದೆ ಬಂದರೆ ಬೈದು ಬಂದಷ್ಟೇ ಅಪಮಾನ. ಅತ್ತೆ ಅದಕ್ಕೆ ದೇವರುಗಳನ್ನು ಕೆಲಸಕ್ಕೆ ಹಚ್ಚಿದರು. ಸೋಮವಾರ ಶಿವನ ಉಪವಾಸ, ಮಂಗಳವಾರ ಎಲ್ಲಮ್ಮನದು, ಗುರುವಾರ ಗುರುಗಳದು, ಶನಿವಾರ ಹನುಮಪ್ಪನದು. ಒಂದು ಮದುವೆ ಬುಧವಾರ ಬಂತು. ಬೀಗರು ಹೋಳಿಗೆ ಹಿಡಿದು ಬೆನ್ನು ಹತ್ತಿದರು. ಬುಧವಾರಕ್ಕೆ ತಟ್ಟನೆ ಯಾವ ದೇವರೂ ನೆನಪಾಗಲಿಲ್ಲ. ಅತ್ತೆ ಹೆದರಲಿಲ್ಲ.

"ನಿನ್ನಿನ ಉಪವಾಸ ಇನ್ನಾ ಮುಗದಿಲ್ರೀ" ಎಂದುಬಿಟ್ಟರು!

ಇಷ್ಟು ಉಪವಾಸದ ಜೊತೆಗೆ ವಿಭೂತಿ ಬೇರೆ. ದೇವರ ಗೂಡಿನಲ್ಲಿಟ್ಟ ವಿಭೂತಿ ಗಟ್ಟಿ ವಾರ ತುಂಬುವುದರೊಳಗೆ ಮಾಯ. ಹಣೆಗೆ ಹೋದದ್ದು ಮೂರು ಬೆರಳು, ಉಳಿದದ್ದೆಲ್ಲ ಹೊಟ್ಟೆಗೆ! ಮುರಿದು ಮುರಿದು ಬಾಯಿಗೆ ಹಾಕಿ ಪೆಪ್ಪರಮಿಂಟಿನ ಹಾಗೆ ಚೀಪುತ್ತ ಕೂತಿರುತ್ತಿದ್ದರು. ಓಣಿಯ ಹೆಂಗಸರು ಇದನ್ನು ನೋಡಿ, "ಇವರು ಸಾಮಾನ್ಯರಲ್ಲ, ಶರಣರು" ಎಂದು ತೀರ್ಮಾನಿಸಿ ಕಾಲಿಗೆ ಬೀಳತೊಡಗಿದರು. ಒಬ್ಬಾಕೆ ಮಗಳಿಗೆ ವರ ಯಾವಾಗ ಸಿಗುತ್ತದೆ ಎಂದು ಕೇಳಿಕೊಂಡು ಹೋದಳು.

ಅತ್ತೆಗೆ ಶರಣೆಯ ಪದವಿ ಸಿಕ್ಕರೆ ನನಗೇನು ಸಿಕ್ಕಿತು ಎನ್ನುತ್ತೀರಿ? ಅತ್ತೆ ದಿನದಿನಕ್ಕೆ ಇಳಿಯುತ್ತಿದ್ದರು. ಕುಪ್ಪಸ ತೋಳಿನಲ್ಲಿ ಜೋಲುತ್ತಿತ್ತು, ಮುಖ ಬಿಳಚಿಕೊಂಡಿತ್ತು, ತುಟಿಯ ಎರಡೂ ಮೂಲೆ ಸೀಳಿದ್ದವು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಇಂಥ ಅತ್ತೆ ಇರುವ ಮನೆಯಲ್ಲಿ ತಪ್ಪು ಯಾರದು? ಇದಕ್ಕೇನು ಪಂಚಾಯಿತಿ ಸೇರಿಸಬೇಕೆ? ಸೊಸೆಯದು!

ಪಕ್ಕದ ಮನೆಯ ಖಾಲಾ, ಅಂದರೆ ಓಣಿಗೆಲ್ಲ ಚಿಕ್ಕಮ್ಮ, ಒಳ್ಳೆಯವರು. ಹಬ್ಬಕ್ಕೆ ಶೀರ್‌ಖುರ್ಮಾ ತಂದುಕೊಡುತ್ತಾರೆ. ಅವರೂ ಒಂದು ದಿನ ಗೋಡೆಯಾಚೆಯಿಂದ ದನಿ ಸಣ್ಣ ಮಾಡಿ ಹೇಳಿದರು: "ಬೇಟಿ, ಬುರಾ ತಿಳ್ಕೋಬ್ಯಾಡ. ಸಾಸ್‌ಗೆ ಜರಾ ಹೊಟ್ಟಿ ತುಂಬ ಹಾಕಮ್ಮಾ. ಮಂದಿ ಏನೇನೋ ಅಂತಾರ."

ಮಂದಿ ಏನೇನೋ ಅನ್ನುತ್ತಿದ್ದರು, ನನಗೂ ಕೇಳಿಸುತ್ತಿತ್ತು. ನೌಕರಿ ಮಾಡುವ ಸೊಸೆ, ಹಿಂದಿನ ದಿನದ ರೊಟ್ಟಿ ಹಾಕುತ್ತಾಳಂತೆ. ಅಡುಗೆಮನೆಯಲ್ಲಿ ಅತ್ತೆಯಿಂದ ಕುಟ್ಟಿಸುತ್ತಾಳಂತೆ, ಸದ್ದು ಕೇಳುವುದಿಲ್ಲವೆ? ನನ್ನ ಗಂಡ, ಇವರೂ ಒಂದು ದಿನ ಕಚೇರಿಯಿಂದ ಬಂದು, ಚಪ್ಪಲಿ ಬಿಚ್ಚುತ್ತ, ನನ್ನ ಮುಖ ನೋಡದೆ ಕೇಳಿದರು: "ಅವ್ವ ಸೊರಗಲಾಕತ್ತಾಳ. ನೀ ಏನರ ಅಂದೀಯೇನ ಆಕಿಗಿ?" ಅಂದು ಮಾಡಿದ ಪಲ್ಯ ನನಗೇ ಸೇರಲಿಲ್ಲ. ಆಮೇಲಾಮೇಲೆ ನನಗೆ ಮಾಡಿ ಬಡಿಸುವುದೊಂದು ಶಿಕ್ಷೆಯಾಯಿತು.

ಕೊನೆಗೆ ಕಮಲಾಪುರದಿಂದ ನಾದಿನಿ ಬಂದಳು. ನಾದಿನಿ ಎಂದರೆ ಮಾತಿನಲ್ಲಿ ಪೊಲೀಸು. ಬಂದವಳು ನೀರೂ ಕುಡಿಯಲಿಲ್ಲ.

"ವೈನೀ, ನಮ್ಮವ್ವ ಕಟ್ಟಿಗಿ ಆಗ್ಯಾಳ, ಕಟ್ಟಿಗಿ! ಆಕಿ ತಾಟಿನ್ಯಾಗ ಏನ ಬೀಳತದ, ಇವತ್ತ ನಾ ನೋಡೇ ಬಿಡ್ತೀನಿ."

"ನೋಡ್ರಿ, ನನಗೂ ನೋಡೂದದ" ಎಂದೆ ನಾನು. ನನಗೂ ಸಿಟ್ಟು ಬರುವುದಿಲ್ಲವೆ?

ಒಳಗೆ ಕುಟ್, ಕುಟ್ ಶುರುವಾದ ಮೇಲೆ ನಾದಿನಿ ಬಾಗಿಲಿಗೆ ಹೆಗಲು ಕೊಟ್ಟಳು. ಬಾಡಿಗೆ ಮನೆಯ ಚಿಲಕ ಎಷ್ಟು ತಡೆದೀತು? ಕಿತ್ತುಕೊಂಡು ಬಂತು. ಅತ್ತೆ ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕೂತಿದ್ದರು. ಮುಂದೆ, ಹಲ್ಲಿಲ್ಲದ ಮುದುಕರು ಎಲೆಯಡಿಕೆ ಕುಟ್ಟುವ ಪುಟ್ಟ ಕುಟ್ಟಾಣಿ. ಅದರಲ್ಲಿ ನಾನು ಮಾಡಿದ ರೊಟ್ಟಿ ಪುಡಿಪುಡಿಯಾಗಿತ್ತು. ಆ ಪುಡಿಯನ್ನು ನೀರುನೀರಾದ ಬೇಳೆಯಲ್ಲಿ ಕಲಸಿ, ಚಿಟಿಕೆಯಷ್ಟು ಬಾಯಿಗಿಟ್ಟು, ಅಗಿದು ಅಗಿದು, ಕಣ್ಣು ಮುಚ್ಚಿ, ನೀರು ಕುಡಿಯುವ ಕೋಳಿಯ ಹಾಗೆ ಕತ್ತು ಮೇಲೆತ್ತಿ, ಒಂದು ಕೈಯಿಂದ ಗಂಟಲು ಹಿಡಿದುಕೊಂಡು ನುಂಗುತ್ತಿದ್ದರು. ಮುಚ್ಚಿದ ಕಣ್ಣಿಂದ ನೀರು ಇಳಿಯುತ್ತಿತ್ತು. ನಮ್ಮನ್ನು ನೋಡಿದ್ದೇ ತಾಟಿನ ಮೇಲೆ ಸೆರಗು ಮುಚ್ಚಿದರು.

ನಾದಿನಿಯ ಪೊಲೀಸುಗಿರಿ ಅಲ್ಲಿಗೆ ಮುಗಿಯಿತು. "ಅವ್ವಾ, ಹಲ್ಲ ಗಟ್ಟಿ ಅವ ಅಲಾ, ಯಾಕ ಕುಟ್ಟಲಾಕತ್ತೀ?" ಎಂದಳು.

"ಇಳಿವಲ್ದವಾ" ಎಂದರು ಅತ್ತೆ. "ಗಂಟಲದಾಗ ಯಾರೋ ಅಡ್ಡ ಕೈ ಇಟ್ಟಾಂಗ ಆಗ್ತದ. ಖಾರ ತಾಗಿದ್ರ ನಾಲಿಗಿ ಉರೀತದ. ನಿಮ್ಮಪ್ಪ ಇದ್ದಾಗಿಂದೂ ಅದ."

"ಮತ್ತ ಹೇಳಬಾರದಾ?"

"ನಿಮ್ಮ ದೊಡ್ಡವ್ವಗ ಹಿಂಗೇ ಶುರು ಆಗಿತ್ತು."

ದೊಡ್ಡವ್ವ ಎಂದರೆ ಅತ್ತೆಯ ಅಕ್ಕ, ನಾನು ಕಂಡವಳಲ್ಲ. ಗಂಟಲಿನ ಕ್ಯಾನ್ಸರಾಗಿ ತೀರಿಕೊಂಡಳಂತೆ. ರೋಗ ಅಂಟುತ್ತದೆಂದು ಮನೆಯವರು ಅವಳ ತಾಟು, ಚರಿಗೆ ಬೇರೆ ಇಟ್ಟರು. ಕೊನೆಗೆ ದನದ ಕೊಟ್ಟಿಗೆಯ ಮೂಲೆಯಲ್ಲಿ ಒಬ್ಬಳೇ ಕೂತು ಅಂಬಲಿ ಕುಡಿಯುತ್ತಿದ್ದಳು, ಮೊಮ್ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಅತ್ತೆ ಅದನ್ನು ನೋಡಿದ್ದರು. ತನಗೂ ಅದೇ ಬಂದಿದೆ, ಯಾರಿಗೂ ಗೊತ್ತಾಗದ ಹಾಗೆ ಸಾಯಬೇಕು ಎಂದು ನಿಶ್ಚಯಿಸಿಕೊಂಡು ಇಷ್ಟು ದಿನ ಬಾಗಿಲು ಹಾಕಿಕೊಂಡು ಉಂಡಿದ್ದರು. ಕ್ಯಾನ್ಸರ್ ಹಾಗೆ ಅಂಟುವ ರೋಗವೇ ಅಲ್ಲ ಎಂದು ನಾನು ಹೇಳಿದೆ. ನನ್ನ ಮಾತು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ದವಾಖಾನೆಗೆ ಹೊರಡುವ ದಿನ ಅತ್ತೆ ಮಗಳನ್ನು ಕರೆದು ತಮ್ಮ ಕೊನೆಯ ವ್ಯವಸ್ಥೆ ಹೇಳಿದರು: "ಆ ನೀಲಿ ಇಳಕಲ್ ಸೀರಿ ಉಡಸ್ರಿ ನಂಗ. ನೀ ಉಡಸಬ್ಯಾಡ, ನಿಂಗ ನೀರಿಗಿ ಹಿಡಿಯಾಕ ಬರಂಗಿಲ್ಲ. ಸೊಸಿ ಉಡಸಲಿ." ನಾದಿನಿ ಅಳುವುದೋ ಸಿಟ್ಟಾಗುವುದೋ ತಿಳಿಯದೆ ಎರಡನ್ನೂ ಮಾಡಿದಳು.

ಡಾಕ್ಟರು ಹೆಣ್ಣುಮಗಳು. "ಬಾಯಿ ತೆಗೀರಿ ಅಜ್ಜಿ" ಎಂದರು. ಅಜ್ಜಿ ಎಂದದ್ದಕ್ಕೆ ಅತ್ತೆ ಬಾಯಿ ಇನ್ನೂ ಬಿಗಿಯಾಗಿ ಮುಚ್ಚಿದರು. "ಅವ್ವಾರೆ" ಎಂದ ಮೇಲೆ ತೆರೆದರು. ನಾಲಿಗೆ ಗಾಜಿನ ಹಾಗೆ ನುಣ್ಣಗೆ, ಕೆಂಪಗೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಿ. ಉಗುರುಗಳು ಚಮಚದ ಹಾಗೆ ತಗ್ಗು ಬಿದ್ದಿದ್ದವು. ಡಾಕ್ಟರು ಎಲ್ಲ ನೋಡಿ, "ಮಣ್ಣು, ಬಳಪ, ಹಸಿ ಅಕ್ಕಿ ಏನಾದ್ರೂ ತಿಂತೀರಾ?" ಎಂದರು.

ಅತ್ತೆ ಚಾಡಿ ಹೇಳಿದವಳನ್ನು ನೋಡುವ ಹಾಗೆ ನನ್ನನ್ನು ನೋಡಿ, "ವಿಭೂತಿ ತಿಂದ್ರ ತಪ್ಪೇನ್ರೀ?" ಎಂದರು.

"ಹಚ್ಕೊಂಡ್ರೆ ತಪ್ಪಿಲ್ರೀ ಅವ್ವಾರೆ. ತಿನ್ನಬೇಕು ಅನ್ನಸ್ತದಲ್ಲ, ಅದು ರಕ್ತ ಕಡಿಮಿ ಆಗಿದ್ದಕ್ಕ. ಮೈಯಾಗ ಕಬ್ಬಿಣದಂಶ ಇಲ್ಲ ನಿಮಗ."

"ಮನ್ಶಾರ ಮೈಯಾಗ ಕಬ್ಬಿಣ ಎಲ್ಲಿಂದ ಬರ್ತದ್ರೀ? ನಾ ಏನ ಸಂದೂಕೇನು?"

ನಮ್ಮ ಓಣಿಯ ಶರಣೆ ಹೀಗೆ ದವಾಖಾನೆಯಲ್ಲಿ ಕಬ್ಬಿಣವಿಲ್ಲದ ಬಡವಿಯಾದರು. ರಕ್ತಪರೀಕ್ಷೆಯಾಯಿತು, ಗಂಟಲೊಳಗೆ ನಳಿಗೆ ಬಿಟ್ಟು ನೋಡಿದರು. ಹೊರಗೆ ಬೆಂಚಿನ ಮೇಲೆ ಕೂತ ಇವರು, ನಾದಿನಿ, ನಾನು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕ್ಯಾನ್ಸರ್ ಇರಲಿಲ್ಲ. ಕಬ್ಬಿಣದಂಶ ವರ್ಷಗಟ್ಟಲೆ ಕಡಿಮೆಯಾದರೆ ಕೆಲವರಿಗೆ ಅನ್ನನಾಳದ ಮೇಲ್ಭಾಗದಲ್ಲಿ ಹಾಲಿನ ಕೆನೆಯಂಥ ಒಂದು ತೆಳು ಪೊರೆ ಅಡ್ಡ ಬೆಳೆಯುತ್ತದಂತೆ. ಅತ್ತೆಯ ಅಡ್ಡ ಕೈ ಅದೇ! ಅದನ್ನು ಬಿಡಿಸಿ ದಾರಿ ಅಗಲ ಮಾಡಿದರು. ಆದರೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಪೊರೆ ಮತ್ತೆ ಬರಬಹುದು, ಮುಂದೆ ಅದೇ ಜಾಗದಲ್ಲಿ ಕ್ಯಾನ್ಸರಾಗುವ ಅಪಾಯವೂ ಇರುತ್ತದೆ, ಗುಳಿಗೆ ಬಿಡಬಾರದು, ತಪಾಸಣೆ ತಪ್ಪಿಸಬಾರದು ಎಂದರು. ಆ ಮಾತನ್ನು ನಾನು ಇವರಿಗೆ ಹೇಳಿದ್ದೇನೆ, ಅತ್ತೆಗೆ ಇನ್ನೂ ಹೇಳಿಲ್ಲ.

ಮನೆಗೆ ಬಂದ ಮೇಲೆ ರಕ್ತ ಮಾಡುವ ಉತ್ಸವ. ಕೆಂಪು ತಿಂದರೆ ರಕ್ತ ಆಗುತ್ತದೆ ಎಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಇವರು ಕಮಲಾಪುರಕ್ಕೆ ಹೋಗಿ ಕೆಂಪು ಬಾಳೆಯ ಇಡೀ ಗೊನೆಯನ್ನೇ ಹೆಗಲ ಮೇಲೆ ಹೊತ್ತು ಬಸ್ಸಿನಲ್ಲಿ ತಂದರು. ಖಾಲಾ ಬೀಟ್‌ರೂಟ್ ಕಳಿಸಿದರು. ನಾದಿನಿ ದಾಳಿಂಬೆ ತಂದಳು. ಮುಂದಿನ ಸಲ ಹೋದಾಗ ಡಾಕ್ಟರು ನಕ್ಕು, "ಬಾಳೆಹಣ್ಣು ರುಚಿಗೆ ತಿನ್ರೀ, ರಕ್ತಕ್ಕ ಗುಳಿಗಿ ನುಂಗ್ರಿ, ಸೊಪ್ಪು ಕಾಳು ಉಣ್ರಿ. ಊಟದ ಜೋಡಿ ಚಹಾ ಬ್ಯಾಡ" ಎಂದರು.

"ಜೀವಾ ಬಿಡು ಅನ್ರೀ, ಬಿಡ್ತೀನಿ" ಎಂದರು ಅತ್ತೆ. "ಚಾ ಬಿಡು ಅನ್ನಬ್ಯಾಡ್ರಿ!"

ಬಿಟ್ಟರು. ಬಿಟ್ಟವರು ಇನ್ನೊಂದು ಚಟ ಹಚ್ಚಿಕೊಂಡರು. ಡಾಕ್ಟರು ರೆಪ್ಪೆ ಎಳೆದು ನೋಡಿದ್ದನ್ನು ಕಲಿತು ಬಂದಿದ್ದರಲ್ಲ, ಓಣಿಯಲ್ಲಿ ಸಿಕ್ಕವರ ರೆಪ್ಪೆಯನ್ನೆಲ್ಲ ಎಳೆಯತೊಡಗಿದರು! ಹಾಲಿನವನದು ನೋಡಿದರು, ಖಾಲಾದು ನೋಡಿದರು. ಬಾಡಿಗೆ ವಸೂಲಿಗೆ ಬಂದ ಮನೆಮಾಲೀಕರ ಎರಡೂ ಕಣ್ಣು ಎಳೆದು, "ನಿಮಗ ರಕ್ತ ಭಾಳ ಅದ, ಅದಕ್ಕೇ ಸಿಟ್ಟ ಬರ್ತದ" ಎಂದು ಕಳಿಸಿದರು. ವರ ಕೇಳಲು ಬರುತ್ತಿದ್ದ ಹೆಂಗಸರು ಈಗ ಅತ್ತೆಯನ್ನು ದೂರದಿಂದ ಕಂಡರೆ ಕಣ್ಣು ಮುಚ್ಚಿಕೊಂಡು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ನಾನು ಚಹಾದ ಲೋಟ ಕೆಳಗಿಟ್ಟು, ಚೀಲ ಹೆಗಲಿಗೆ ಹಾಕಿ ಹೊರಟಿದ್ದೆ. ಅತ್ತೆ ಅಂಗಳದಲ್ಲಿ ಅಡ್ಡ ನಿಂತರು.

"ನಿಂದೊಂದು ಉಳದದ ನೋಡು. ತೋರ್ಸು."

"ಅತ್ತಿ, ಬಸ್ ಹೋಗ್ತದ್ರೀ."

ಬಿಡಲಿಲ್ಲ. ಹೆಬ್ಬೆರಳಿನಿಂದ ನನ್ನ ರೆಪ್ಪೆ ಎಳೆದರು. ಒಂದು ಕಣ್ಣು ನೋಡಿದರು, ಇನ್ನೊಂದು ನೋಡಿದರು, ಮತ್ತೆ ಮೊದಲನೆಯದಕ್ಕೆ ಬಂದರು. ನಗುತ್ತಿದ್ದ ಮುಖ ಇಳಿದುಹೋಯಿತು. ನನ್ನ ಕೈ ಹಿಡಿದು ಉಗುರು ಸವರಿದರು.

"ಬೆಳ್ಳಗ ಅದ" ಎಂದರು ಮೆಲ್ಲಗೆ. "ನೀ ಮುಂಜಾನಿ ಏನ ತಿಂತೀ?"

ನಾನು ಏನೂ ತಿನ್ನುವುದಿಲ್ಲ ಎಂದು ನನಗೇ ಆ ಹೊತ್ತಿಗೆ ಗೊತ್ತಾಯಿತು. ಅವರು ಬಾಗಿಲು ಹಾಕಿಕೊಂಡ ದಿನಗಳಲ್ಲಿ ಬಿಟ್ಟದ್ದು ಹಾಗೆಯೇ ಉಳಿದುಬಿಟ್ಟಿತ್ತು. ಸಂಜೆಯೂ ಎಲ್ಲರದು ಮುಗಿದ ಮೇಲೆ ಉಳಿದದ್ದು, ಅದೂ ಮನಸ್ಸಿದ್ದರೆ.

ಅತ್ತೆ ನನ್ನ ಕೈ ಬಿಡಲಿಲ್ಲ. ಹಿಡಿದುಕೊಂಡೇ ಓಣಿಯ ಕಡೆ ತಿರುಗಿ, ಗಂಟಲು ವಾಸಿಯಾದ ಜೋರೆಲ್ಲ ಹಾಕಿ ಕೂಗಿದರು: "ಖಾಲಾ! ಏ ಖಾಲಾ! ಎಲ್ಲಾರೂ ಕೇಳ್ರಿ! ಸೊಸಿ ಅತ್ತಿಗಿ ಉಣ್ಣಾಕ ಹಾಕಂಗಿಲ್ಲ ಅಂದ್ರಲಾ? ಸುಳ್ಳು ಅದ! ನಾನೇ ನನ್ನ ಸೊಸಿನ್ನ ಉಪವಾಸ ಇಟ್ಟೀನಿ! ನೀವೆಲ್ಲಾ ಆಕಿಗಿ ಅಂದಾಗ ನಾ ಬಾಯಿ ಮುಚ್ಕೊಂಡು ಕುಂತಿದ್ದೆ!"

ಖಾಲಾ ಗೋಡೆಯಾಚೆ ಬಂದು ಬಾಯಿಗೆ ಸೆರಗು ಹಿಡಿದು ನಿಂತರು. ಹಾಲಿನವನು ಸೈಕಲ್ ನಿಲ್ಲಿಸಿದ. ನಾನು "ಅತ್ತಿ, ಸಾಕು ಬಿಡ್ರೀ" ಎನ್ನುತ್ತಲೇ ಇದ್ದೆ.

ಒಳಗೆ ಕರೆದುಕೊಂಡು ಹೋಗಿ ನನ್ನ ಚೀಲ ತೆಗೆದಿಟ್ಟು ಕೂರಿಸಿದರು. ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯೆ ಹಾಕಿಕೊಂಡು ಬಂದು ಎದುರಿಗೆ ಕೂತು, ತುತ್ತು ಮುರಿದು ತಮ್ಮ ಕೈಯಿಂದಲೇ ನನ್ನ ಬಾಯಿಗಿಟ್ಟರು. ಬಸ್ಸು ಹೋಯಿತು. ನಾನು ಅಗಿದೆ, ಅಗಿದೆ. ಎಷ್ಟು ಅಗಿದರೂ ಗಂಟಲಲ್ಲಿ ಇಳಿಯಲೊಲ್ಲದು.

ಅತ್ತೆಗೆ ಗಾಬರಿಯಾಯಿತು. "ಇಳಿವಲ್ದೇನ? ನಿಂಗೂ ಇಳಿವಲ್ದೇನ ಯವ್ವಾ? ನೀರ ಕುಡಿ, ನೀರ ಕುಡಿ" ಎನ್ನುತ್ತ ನನ್ನ ಬೆನ್ನು ಸವರತೊಡಗಿದರು. ಹಾಗೇನೂ ಇಲ್ಲ ಎಂದು ತಲೆ ಅಲ್ಲಾಡಿಸಿದೆ. ತುತ್ತು ಬಾಯಲ್ಲಿಟ್ಟುಕೊಂಡೇ ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.