ಬೀಗರ ಮುಂದೆ ಸ್ಟೇರಿಂಗ್ ರಿಪೇರಿ

ಕಾರಿನ ವಿಷಯದಲ್ಲಿ ತನಗೆ ತಿಳಿಯದ್ದು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಅನ್ನೋದು ಶಾರ್ಶೆನ್‌ನ ಗಟ್ಟಿ ನಂಬಿಕೆ. (ನಾರಿನ್ ಊರಲ್ಲಿ ಈ ನಂಬಿಕೆ ಇಲ್ಲದ ಗಂಡಸೇ ಇಲ್ಲ, ಆ ಮಾತು ಬೇರೆ.) ಆದರೆ ಗ್ರಹಚಾರ ನೋಡಿ. ಮಗನ ನಿಶ್ಚಿತಾರ್ಥದ ದಿನ, ಘಾಟಿಯಾಚೆಯ ಕೊಚ್ಕೋರಿಗೆ ಹೋಗಿ ಹುಡುಗಿಯ ಕಿವಿಗೆ ಓಲೆ ಹಾಕಿ ಬರಬೇಕಾದ ಬೆಳಗ್ಗೆಯೇ, ಅವನ ಹಳೇ ಜರ್ಮನ್ ಕಾರಿನ ಸ್ಟೇರಿಂಗು ತಿರುಗಲೊಲ್ಲೆ ಅಂತ ಹಟ ಹಿಡಿಯಿತು. ಬಗ್ಗಿ ನೋಡಿದರೆ ನೆಲದ ಮೇಲೆ ಸ್ಟೇರಿಂಗಿನ ಕೆಂಪು ಎಣ್ಣೆ.

"ಮಧ್ಯಾಹ್ನದೊಳಗೆ ಓಲೆ ಬೀಳಬೇಕು ಕಣ್ರೀ," ಅಂದಳು ಹೆಂಡತಿ ಕಲಿಪಾ. "ಆ ಹುಡುಗಿ ಮೇಲೆ ಇನ್ನೂ ಎರಡು ಮನೆಯವರ ಕಣ್ಣಿದೆ. ನಾವು ತಡ ಮಾಡಿದ್ರೆ ಅವರು ಓಲೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತಾರೆ. ನಿಮ್ಮ ಮಗ ಜೀವಮಾನವಿಡೀ ನಿಮ್ಮ ಮುಖ ನೋಡಲ್ಲ!"

"ಹತ್ತು ನಿಮಿಷ ಕಣೇ. ಕಾರು ಯಾರದ್ದು ಅಂದ್ಕೊಂಡಿದ್ದೀಯ?"

ಬಾನೆಟ್ ಎತ್ತಿದ ಮನೆಗೆ ಕರೆಯದೇ ಬರುವುದು ಆ ಊರಿನ ಗಂಡಸರ ಧರ್ಮ. ಬಂದವರಿಗೆ ಚಹಾ, ರೊಟ್ಟಿ ಕೊಡದೆ ಕಳಿಸದಿರುವುದು ಹೆಂಗಸರ ಕರ್ಮ. ಗಳಿಗೆಯಲ್ಲಿ ಮೂವರು ವೈದ್ಯಶಿಖಾಮಣಿಗಳು ನೆರೆದರು. ಒಬ್ಬ ಪಂಪು ಹೋಗಿದೆ ಅಂದ. ಇನ್ನೊಬ್ಬ ಪಂಪಲ್ಲ, ಕೆಳಗೆ ಚಕ್ರ ಹೊರಳಿಸುವ ರ್‍ಯಾಕೇ ಹೋಗಿದೆ ಅಂದ. ಮೂರನೆಯವನು ರೊಟ್ಟಿಗೆ ಬೆಣ್ಣೆ ಸವರುತ್ತಾ, "ಇದು ದೃಷ್ಟಿ," ಅಂದ. ಶಾರ್ಶೆನ್ ಮೂವರ ಮಾತನ್ನೂ ತಳ್ಳಿಹಾಕಿ, ಕೈಗೆ ಸಿಕ್ಕ ತಿರುಪುಗಳನ್ನೆಲ್ಲ ಬಿಗಿದು, ಒಂದು ಲೀಟರ್ ಎಣ್ಣೆ ಸುರಿದ. ಅದೂ ನಿಧಾನವಾಗಿ ನೆಲಕ್ಕಿಳಿಯಿತು.

ಕಲಿಪಾ ರೇಷ್ಮೆ ಉಡುಪು ಉಟ್ಟು, ಓಲೆಯ ಡಬ್ಬಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನಾಲ್ಕನೇ ಸಲ ಚಹಾ ತಂದಳು. ತಂದವಳು ಕಾರಿನ ಮೂತಿಯ ಮುಂದೆ ಗಕ್ಕನೆ ನಿಂತಳು.

"ಜಾಲರಿ ಹಿಂದೆ ಅದೇನ್ರೀ ಇಣುಕ್ತಿರೋದು?"

"ಎಲ್ಲಿ? ಏನಿಲ್ಲ. ನೀನು ಒಳಗೆ ಹೋಗು."

"ಟಗರಿನ ಕೊಂಬಿನ ಚಿತ್ತಾರ ನಂಗೊತ್ತಾಗಲ್ವಾ? ನಮ್ಮಮ್ಮ ಒಂದು ಚಳಿಗಾಲ ಪೂರ್ತಿ ಕೂತು ಹೊಲಿದ ಶಿರ್ದಕ್ ಜಮಖಾನ! ಹುಳ ತಿಂದಿತ್ತು, ಬಿಸಾಕ್ದೆ ಅಂದ್ರಲ್ರೀ!"

(ಪಾಪ, ಹುಳದ ತಪ್ಪೇನೂ ಇರಲಿಲ್ಲ. ಮೂಗು ಉದುರಿಹೋಗುವ ಆ ಚಳಿಗೆ ಎಲ್ಲರೂ ರೇಡಿಯೇಟರಿನ ಮುಂದೆ ಏನಾದರೂ ಅಡ್ಡ ಕಟ್ಟುತ್ತಾರೆ. ಬುದ್ಧಿ ಇದ್ದವರು ರಟ್ಟು ಕಟ್ಟುತ್ತಾರೆ. ನಮ್ಮ ಶಾರ್ಶೆನ್ ಅತ್ತೆಯ ಜಮಖಾನಕ್ಕೆ ಕತ್ತರಿ ಹಾಕಿ, ಅಲ್ಲೇ ಸಿಕ್ಕಿದ ಸಣ್ಣ ಪೈಪಿಗೆ ತಂತಿಯಲ್ಲಿ ಬಿಗಿದಿದ್ದ.)

ಕಲಿಪಾ ಕೆಟಲ್ ಕೆಳಗಿಟ್ಟು, ಕೈ ತೂರಿಸಿ ಎಳೆದಳು. ಜಮಖಾನ ಹೊರಬಂತು, ನೆಂದು ತೊಪ್ಪೆಯಾಗಿ, ಕೆಂಪು ಎಣ್ಣೆ ಸುರಿಸುತ್ತಾ. ಅದರ ಹಿಂದೆ ಸ್ಟೇರಿಂಗ್ ಎಣ್ಣೆ ತಣ್ಣಗಾಗುವ ಕೂಲರಿನ ಪೈಪು ಕಾಣಿಸಿತು. ಚಳಿಗಾಲವೆಲ್ಲ ಕುಲುಕಾಟದಲ್ಲಿ ತಂತಿ ಅದನ್ನು ಉಜ್ಜಿ ಉಜ್ಜಿ ಸಾಸಿವೆ ಕಾಳಿನಷ್ಟು ತೂತು ಮಾಡಿತ್ತು. ತೂತಿನ ಎಣ್ಣೆಯನ್ನು ಜಮಖಾನ ಕುಡಿದು, ತನಗೆ ಬೇಕಾದ ಮೂಲೆಯಿಂದ ತೊಟ್ಟಿಕ್ಕಿಸುತ್ತಿತ್ತು. ಬೇರೆಲ್ಲೋ ತಡಕಾಡಿದ ಪಂಡಿತರು ಮೆಲ್ಲಗೆ ಜಾಗ ಖಾಲಿ ಮಾಡಿದರು.

"ಸಿಕ್ತು!" ಅಂತ ಶಾರ್ಶೆನ್ ಕೂಗಿದ, ತಾನೇ ಹುಡುಕಿದವನಂತೆ. ಮುಂದಿನ ಕೆಲಸ ಮಾತ್ರ ನಿಜಕ್ಕೂ ಅವನೇ ಮಾಡಿದ. ತೂತಿನ ತುಂಡನ್ನು ಗರಗಸದಿಂದ ಕೊಯ್ದು ತೆಗೆದು, ಎರಡೂ ತುದಿಗೆ ರಬ್ಬರ್ ಪೈಪು ಸಿಕ್ಕಿಸಿ, ಕ್ಲಾಂಪ್ ಬಿಗಿದು, ಹೊಸ ಎಣ್ಣೆ ಹೊಯ್ದ. ಮುಂದಿನ ಚಕ್ರಗಳನ್ನು ಜಾಕಿಯಲ್ಲಿ ಎತ್ತಿ, ಗುಳ್ಳೆ ನಿಲ್ಲುವ ತನಕ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದ. ಒಂದು ತೊಟ್ಟೂ ಬೀಳಲಿಲ್ಲ. ಕಲಿಪಾ ಜಮಖಾನ ಹಿಂಡಿ ಬೇಲಿ ಮೇಲೆ ಹರವಿ, ಮಾತಿಲ್ಲದೆ ಕಾರು ಹತ್ತಿದಳು. ಮಾತಾಡಿದ್ದರೇ ವಾಸಿಯಿತ್ತು ಅನ್ನಿಸಿತು ಅವನಿಗೆ.

ಘಾಟಿ ಹತ್ತಿಳಿದು ಸರಿಯಾಗಿ ಹನ್ನೆರಡಕ್ಕೆ ಮುಟ್ಟಿದರು. ಕಲಿಪಾ ಓಲೆ ಹಾಕಿದಳು, ಹುಡುಗಿ ನಾಚಿದಳು, ಬೀಗ ಸಾಗಿನ್‌ಬೆಕ್ ಶಾರ್ಶೆನ್‌ನನ್ನು ತಬ್ಬಿಕೊಂಡು ಮೇಲಿನ ಪೀಠದಲ್ಲಿ ಕೂರಿಸಿದ. ಶಾರ್ಶೆನ್‌ಗೆ ಕಣ್ಣು ತುಂಬಿಬಂತು. ಅಷ್ಟಕ್ಕೇ ಸುಮ್ಮನಿರಬಾರದಿತ್ತೇ?

"ಬೆಳಗ್ಗೆ ಕಾರು ಕೈಕೊಟ್ಟಿತ್ತು ಬೀಗರೇ. ಊರಿಗೆ ಊರೇ ತಲೆ ಕೆರ್ಕೊಳ್ತು. ನಾನು ಸದ್ದು ಕೇಳಿಯೇ ಹೇಳ್ದೆ, ಕೂಲರ್ ಪೈಪು ಅಂತ!"

ಸಾಗಿನ್‌ಬೆಕ್ ಎದ್ದು ನಿಂತ. "ದೇವರೇ ಕಳಿಸಿದ ಬೀಗರು ನೀವು! ನಮ್ಮ ಕಾರೂ ಆರು ತಿಂಗಳಿಂದ ಎಣ್ಣೆ ಕಕ್ತಿದೆ, ಒಬ್ಬ ಮೆಕ್ಯಾನಿಕ್ಕಿಗೂ ತಿಳೀಲಿಲ್ಲ. ಬನ್ನಿ ಬನ್ನಿ, ಮಾಂಸ ಬೇಯೋದ್ರೊಳಗೆ ಸ್ವಲ್ಪ ಕಿವಿಗೊಟ್ಟು ಕೇಳಿಬಿಡಿ."

ಒಂದು ಗಂಟೆ ಶಾರ್ಶೆನ್ ಹೊಸ ಕೋಟಿನಲ್ಲಿ ಕೆಸರಿನ ಮೇಲೆ ಅಂಗಾತ ಬಿದ್ದಿದ್ದ. ಕಾರು ಅವನಿಗೆ ಏನನ್ನೂ ಹೇಳಲಿಲ್ಲ. ಒಳಗಿನಿಂದ ಕುರಿಮಾಂಸದ ಘಮ ಬಂತು, ಬಡಿಸುವ ಸದ್ದು ಬಂತು, ನಗು ಬಂತು. ಕೊನೆಗೆ ತಡೆಯಲಾರದೆ ತೆವಳಿ ಹೊರಬಂದು ಕಿಟಕಿಯ ಕೆಳಗೆ ನಿಂತ.

"ಬೀಗರೇ, ತಪ್ಪಾಯ್ತು. ನಂಗೇನೂ ಗೊತ್ತಿಲ್ಲ. ಕಂಡುಹಿಡಿದೋಳು ನನ್ನ ಹೆಂಡ್ತಿ."

ಸಾಗಿನ್‌ಬೆಕ್ ಕಿಟಕಿಯಿಂದ ತಲೆ ಹೊರಹಾಕಿ ಕೇಳಿಸಿಕೊಂಡ. ಆಮೇಲೆ ಎದೆ ಮೇಲೆ ಕೈಯಿಟ್ಟು ನೆಂಟರ ಕಡೆ ತಿರುಗಿದ. "ಕೇಳಿದ್ರಾ? ಇಷ್ಟು ವಿದ್ಯೆ ಇಟ್ಕೊಂಡೂ ಎಂಥಾ ವಿನಯ! ಹೆಂಡ್ತಿ ಹೆಸರು ಹೇಳ್ತಾರಲ್ಲ! ನಮ್ಮ ಹುಡುಗಿ ಪುಣ್ಯವಂತೆ!"

"ವಿನಯ ಅಲ್ಲ ಸ್ವಾಮಿ, ಸತ್ಯ! ಏ ಕಲಿಪಾ, ನೀನಾದ್ರೂ ಹೇಳೇ!"

ಕಲಿಪಾ ಅವನಿದ್ದ ಪೀಠದಲ್ಲೇ ಕೂತು, ಕೈಯಲ್ಲೊಂದು ದಪ್ಪ ತುಂಡು ಹಿಡಿದು, ಕಿಟಕಿಯಿಂದ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ಅವರು ಮೊದಲಿಂದ್ಲೂ ಹಾಗೇ ಬೀಗರೇ," ಅಂದಳು ನಿಟ್ಟುಸಿರಿಟ್ಟು. "ಒಂದು ಹೊಗಳಿಕೆಯನ್ನೂ ತಮಗೆ ಅಂತ ಇಟ್ಕೊಳ್ಳಲ್ಲ. ಅಕ್ಕಪಕ್ಕದೋರ ಕಾರೇನಾದ್ರೂ ಕೆಟ್ಟಿದ್ರೆ ಸಂಕೋಚ ಬೇಡ, ಅವೂ ಬರಲಿ."

ಆಗಲೇ ಇಬ್ಬರು ಒಂದು ಜೀಪನ್ನು ತಳ್ಳಿಕೊಂಡು ಅಂಗಳದೊಳಗೆ ಬರುತ್ತಿದ್ದರು.