ಹಾರಪ್ಪನನ್ನು ಬಂದ್ ಮಾಡುವ ಠರಾವು

ಮನೆತನದಲ್ಲಿ ಮೊದಲ ಪದವೀಧರನಾದವನಿಗೆ ಸಂಬಳದ ಕೆಲಸಕ್ಕಿಂತ ಅಭಿಪ್ರಾಯ ಕೊಡುವ ಕೆಲಸವೇ ಹೆಚ್ಚು. ಯಾವ ಎಮ್ಮೆ ಕೊಳ್ಳಬೇಕು, ಯಾವ ಹುಡುಗಿಯನ್ನು ತರಬೇಕು, ಈ ವರ್ಷ ಜೋಳ ಬಿತ್ತಬೇಕೋ ಸಜ್ಜೆ ಬಿತ್ತಬೇಕೋ, ಎಲ್ಲದಕ್ಕೂ 'ಮಾಸ್ತರ್ ಏನಂತಾರ ಕೇಳ್ರಿ' ಎಂದೇ ಊರು ನನ್ನ ಕಡೆ ನೋಡುತ್ತದೆ. 'ಗೊತ್ತಿಲ್ಲ' ಎಂದು ನಾನು ಇಂದಿಗೂ ಹೇಳಿದವನಲ್ಲ. ಕುರಿಹಿಂಡಿನ ಹಿಂದೆ ನಡೆಯುತ್ತ ಇಂಗ್ಲಿಷ್ ವ್ಯಾಕರಣ ಬಾಯಿಪಾಠ ಮಾಡಿ, ಒಮ್ಮೆ ನಪಾಸಾಗಿ, ಮತ್ತೆ ಕೂತು ಬಿ.ಎ. ಪಾಸು ಮಾಡಿದವನು ಗೊತ್ತಿಲ್ಲ ಎನ್ನುವುದಾದರೆ ಕುರಿಗಳೊಂದಿಗೇ ಇರಬಹುದಿತ್ತಲ್ಲ?

ಆದರೂ ನಮ್ಮ ಉಮದಿಯ ವಾಚನಾಲಯಕ್ಕೆ ಆ ಚಿತ್ರದ ಪುಸ್ತಕ ಬರಲು ಶುರುವಾದ ಮೇಲೆ ನನ್ನ ಅಭಿಪ್ರಾಯಕ್ಕೆ ನಿಜವಾದ ಪರೀಕ್ಷೆ ಬಂತು. ತಿಂಗಳಿಗೊಮ್ಮೆ ವಿಜಾಪುರದ ಬಸ್ಸಿನಲ್ಲಿ ಬರುವ ಇಂಗ್ಲಿಷ್ ಪುಸ್ತಕ ಅದು. ಅದರ ನಾಯಕ ಅಂಚೆ ಕಚೇರಿಯ ಗುಮಾಸ್ತ. ಎಲ್ಲಿಯಾದರೂ ಕೂಗು ಕೇಳಿದರೆ ಸಾಕು, ಮುಖಕ್ಕೆ ಮುಖವಾಡ, ಬೆನ್ನಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಕಿಟಕಿಯಿಂದ ಹಾರಿ ಹೋಗುತ್ತಾನೆ. ಅವನ ಇಂಗ್ಲಿಷ್ ಹೆಸರು ಯಾರ ಬಾಯಲ್ಲೂ ಹೊರಳದೆ, ಊರವರು 'ಹಾರಪ್ಪ' ಎಂದು ನಾಮಕರಣ ಮಾಡಿದರು. ಓದಿ ಕನ್ನಡದಲ್ಲಿ ಹೇಳುವವನು ವಾಚನಾಲಯದ ಸೆಕ್ರೆಟರಿಯಾದ ನಾನು. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ಸುದ್ದಿ ಪೇಪರಿನಲ್ಲಿ ಬಂದ ದಿನವೂ ಅಲ್ಲಿ ಅಷ್ಟು ಜನ ಸೇರಿರಲಿಲ್ಲ.

ಅಧ್ಯಕ್ಷರಾದ ಚನ್ನಪ್ಪ ಸಾವಕಾರರಿಗೆ ಇದು ಸರಿಬೀಳಲಿಲ್ಲ. ಅವರ ಅಡತಿ ಅಂಗಡಿಯಲ್ಲಿ ಚೀಲ ಹೊರುವ ಹಮಾಲ ಭೀಮಣ್ಣ, ಕಲ್ಲಿಮೀಸೆಯ ಗೃಹಸ್ಥ, ಹಾರಪ್ಪನಂತೆ ಕೊರಳಿಗೆ ಗೋಣಿಚೀಲ ಕಟ್ಟಿಕೊಂಡು, ಪೇರಿಸಿದ ಶೇಂಗಾ ಚೀಲಗಳ ಥಪ್ಪಿಯ ಮೇಲಿಂದ ಹಾರಿ ಕಾಲು ಉಳುಕಿಸಿಕೊಂಡಿದ್ದ.

"ಮಾಸ್ತರ, ವಾಚನಾಲಯ ಅಂದ್ರ ಪೇಪರ ಓದೂ ಜಾಗಾ. ಇಂವನಂಥಾ ಕೋಣ ಹಾರೂದು ಕಲಿಯಾಕಲ್ಲ," ಎಂದರು ಸಾವಕಾರರು. "ರವಿವಾರ ಮೀಟಿಂಗ್ ಕರೀತೀನಿ. ಈ ಪುಸ್ತಕಾ ಇರಬೇಕೋ ಬ್ಯಾಡೋ, ನಿಮ್ಮ ಅಭಿಪ್ರಾಯ ಹೇಳ್ರಿ. ನೀವು ಹೇಳಿದ್ದ ಠರಾವು."

ಊರಿನ ಹಿರಿಯರ ಮುಂದೆ ನಮ್ಮ ಮನೆತನದವರು ಅಲ್ಲಿಯವರೆಗೆ ಮಾತಾಡಿದ್ದು ಕುರಿ ಯಾರ ಹೊಲಕ್ಕೆ ನುಗ್ಗಿದವು ಎಂಬ ವಿಷಯದ ಮೇಲೆ ಮಾತ್ರ, ಅದೂ ಕೈಮುಗಿದುಕೊಂಡು. ಈಗ ನಾನು ಹೇಳಿದ್ದು ಠರಾವು, ಇಡೀ ಊರಿನ ನಿರ್ಣಯ! ಆ ಮಾತು ಬಿದ್ದರೆ ನಮ್ಮಪ್ಪ ಓದಿಸಿದ ಬಿ.ಎ. ಬಿದ್ದಂತೆಯೇ. ಆದ್ದರಿಂದ ಪುಸ್ತಕವನ್ನು ಮನೆಗೆ ತಂದು ಸುತ್ತಲಿನವರ ಅಭಿಪ್ರಾಯ ಕೇಳಲು ಕೂತೆ.

ಅಕ್ಷರ ಬಾರದ ನಮ್ಮಪ್ಪ ಬಹಳ ಹೊತ್ತು ಚಿತ್ರಗಳನ್ನೇ ನೋಡಿದ. "ಕೆಂಪು ಕಂಬಳಿ ಯಾತಕ್ಕ ಹೊತ್ತಾನಲೇ ತಮ್ಮಾ? ಹಾಸೂದಿಲ್ಲ, ಹೊದಿಯೂದಿಲ್ಲ, ಮಳಿ ಬಂದ್ರ ತಲಿ ಮ್ಯಾಲ ಹಾಕ್ಕೊಳ್ಳೂದಿಲ್ಲ," ಎಂದ. ಆಮೇಲೆ ತೀರ್ಪು ಕೊಟ್ಟ: "ಮನಷ್ಯಾ ಚಲೋ ಇಲ್ಲ. ಬಂದಂವನ ಮೊದಲ ಆ ಬಡವಗ ಹೊಡದಾನ. ಆ ಸಿಟ್ಟಿಗೆ ಅಂವ ಹೋಗಿ ತಿಜೂರಿ ಒಡದಾನ."

ನನಗೆ ದಿಗಿಲಾಯಿತು. ನಾನು ಓದಿದ ಕಥೆಯಲ್ಲಿ ಕಳ್ಳ ಮೊದಲು ತಿಜೋರಿ ಒಡೆಯುತ್ತಾನೆ, ಆಮೇಲೆ ಪೆಟ್ಟು ತಿನ್ನುತ್ತಾನೆ. ನೋಡಿದರೆ ಅಪ್ಪ ಪುಟದ ಚಿತ್ರಗಳನ್ನು ಎಡದಿಂದ ಬಲಕ್ಕೆ ನೋಡದೆ ಮೇಲಿಂದ ಕೆಳಗೆ ಇಳಿದು, ಮತ್ತೆ ಮೇಲೆ ಹತ್ತಿ ಇಳಿಯುತ್ತಿದ್ದ. ಬೆರಳಿಟ್ಟು ತಿದ್ದಿದೆ. "ನೀ ಸಾಲಿ ಕಲತಂವ, ಅಡ್ಡ ನೋಡ್ತಿ. ನಾ ನೆಟ್ಟಗ ನೋಡ್ತೀನಿ," ಎಂದು ಪುಸ್ತಕ ನನ್ನ ಕೈಗಿಟ್ಟ. ಹೊಡೆದಾಟದ ಚಿತ್ರದ ನಡುವೆ ಮೊನಚು ಮೊನಚಾಗಿ ಬರೆದ ದೊಡ್ಡ ಅಕ್ಷರಗಳೇನೆಂದು ಅವನು ಕೇಳಿದಾಗ, ಅದು ಏಟಿನ ಸಪ್ಪಳ ಎಂದೆ. ಆ ಶಬ್ದಕ್ಕಾಗಿ ಡಿಕ್ಷನರಿಯನ್ನು ಎರಡು ಸಲ ತಿರುವಿದ್ದನ್ನು ಹೇಳಲಿಲ್ಲ. "ಏಟಿನ ಸಪ್ಪಳಾ ತಿಳಿಯಾಕ ಬಿ.ಎ. ಬೇಕಾತೇನೋ?" ಎಂದು ಅಪ್ಪ ಹೊರಗೆ ಹೋದ.

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಸುವರ್ಣಾ ಕೂತಲ್ಲಿಂದಲೇ ಪುಸ್ತಕದ ಕಡೆ ಕತ್ತು ಚಾಚಿ ಕೇಳಿದಳು: "ಲಗ್ನ ಆಗೇತೇನ್ರಿ ಅವಗ?"

"ಇಲ್ಲ."

"ಅದಕ್ಕ ಹಾರ್ತಾನ. ಕೆಸರಾಗ ಬಿದ್ದು ಹೊಳ್ಳಾಡ್ತಾನ, ಮುಂದಿನ ಚಿತ್ರದಾಗ ಅರಿವಿ ಬೆಳ್ಳಗ. ಒಗಿಯಾವ್ರು ಯಾರಂತ ಬರದಾರೇನು?"

ಬರೆದಿರಲಿಲ್ಲ. ನಾನು ಪೂರ್ತಿ ಓದಿದವನು, ನನಗೆ ಗೊತ್ತು.

ರವಿವಾರ ವಾಚನಾಲಯ ತುಂಬಿತ್ತು. ಭೀಮಣ್ಣ ಉಳುಕಿದ ಕಾಲು ಚಾಚಿಕೊಂಡು ಮುಂದೆಯೇ ಕೂತಿದ್ದ. ನಮ್ಮಪ್ಪ ಬಾಗಿಲ ಹತ್ತಿರ ಕಂಬಳಿ ಹಾಸಿಕೊಂಡಿದ್ದ. ನಾನು ಎದ್ದು ನಿಂತು, ಈ ಪುಸ್ತಕ ನಂಬಲಾಗದ್ದು, ನಿರುಪಯೋಗಿ, ನಿಲ್ಲಿಸತಕ್ಕದ್ದು ಎಂದು ಖಡಾಖಂಡಿತವಾಗಿ ಹೇಳಿದೆ. ಅಪ್ಪನ ಮುಖ ಅರಳಿದ್ದು ದೂರದಿಂದಲೇ ಕಂಡಿತು. ಅಲ್ಲಿಗೆ ಕೂತಿದ್ದರೆ ಆಗುತ್ತಿತ್ತು. ಆದರೆ ಕಲಿತವನಿಗೆ ಉದಾಹರಣೆ ಕೊಡದೆ ಸಮಾಧಾನವಿಲ್ಲ. ಆ ತಿಂಗಳ ಕಥೆಯನ್ನು ಅದೆಷ್ಟು ಸುಳ್ಳೆಂದು ತೋರಿಸಲು ಮೊದಲಿಂದ ಹೇಳಿದೆ. ವೈರಿಗಳು ಹಾರಪ್ಪನನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಹಾಕಿ, ಕೀಲಿ ಜಡಿದು ಸಮುದ್ರಕ್ಕೆ ಎಸೆಯುವಲ್ಲಿಗೆ ನಿಲ್ಲಿಸಿದೆ.

"ಮುಂದ?" ಎಂದರು ಸಾವಕಾರರು.

"ಮುಂದಿನ ತಿಂಗಳ ಪುಸ್ತಕದಾಗ ಐತ್ರಿ."

"ಅದನ್ನ ನಾವು ಬಂದ್ ಮಾಡಾಕತ್ತೀವಲ್ಲ?"

"ಹೌದ್ರಿ."

"ಅಂದ್ರ ಅಂವ ಪೆಟಗ್ಯಾಗನ ಇರ್ತಾನ?"

"ಇರ್ತಾನ್ರಿ."

ಭೀಮಣ್ಣ ಅಳುವ ದನಿಯಲ್ಲಿ, "ಸಾವಕಾರ್ರ, ಕೈಯಾರೆ ಕೊಂದಂಗ ಆಗ್ತದ್ರೆಪಾ," ಎಂದ. ಸಾವಕಾರರು ರುಮಾಲು ತೆಗೆದು ತಲೆ ಕೆರೆದುಕೊಂಡು ಹೇಳಿದರು: "ಮಾಸ್ತರ್ ಹೇಳಿದ್ದು ಬರೋಬ್ಬರಿ ಐತಿ. ಪುಸ್ತಕಾ ಬಂದ್. ಆದ್ರ ನೀರಾಗ ಬಿದ್ದ ಮನಷ್ಯಾನ್ನ ಬಿಟ್ಟು ಹೋಗೂ ಊರಲ್ಲ ನಮ್ಮದು. ಮೊದಲ ಅಂವ ಹೊರಗ ಬರ್ಲಿ, ಆಮ್ಯಾಲ ಬಂದ್ ಮಾಡೂಣು."

ಠರಾವು ಒಮ್ಮತದಿಂದ ಪಾಸಾಯಿತು. ನನ್ನ ಮಾತು ಬೀಳಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಜಾರಿಗೆ ಬರಲಿಲ್ಲ, ಅಷ್ಟೇ. ಮುಂದಿನ ತಿಂಗಳು ಹಾರಪ್ಪ ಪೆಟ್ಟಿಗೆಯಿಂದ ಹೊರಬಂದು ಜ್ವಾಲಾಮುಖಿಯಲ್ಲಿ ಸಿಕ್ಕಿಕೊಂಡ. ಅಲ್ಲಿಂದ ಪಾರಾಗಿ ಹಾವುಗಳ ಗುಂಡಿಯಲ್ಲಿ ಬಿದ್ದ. ಹೀಗೆ ವರ್ಷವೇ ಉರುಳಿತು.

ಕಳೆದ ತಿಂಗಳು ಮಾತ್ರ ಠರಾವು ಜಾರಿ ಮಾಡುವ ಪ್ರಸಂಗ ಬಂತು. ಕೊನೆಯ ಚಿತ್ರದಲ್ಲಿ ಹಾರಪ್ಪ ಮುಖವಾಡ ಕಳಚಿಟ್ಟು, ಮನೆಯಲ್ಲಿ ಆರಾಮವಾಗಿ ಕೂತು ಬಟ್ಟಲೆತ್ತಿ ಏನೋ ಕುಡಿಯುತ್ತಿದ್ದಾನೆ. ವೈರಿಗಳೆಲ್ಲ ಜೇಲಿನಲ್ಲಿ. ಸಾವಕಾರರು ನನ್ನನ್ನೇ ನೋಡಿದರು. "ಪಾರಾದನಲ್ರಿ ಮಾಸ್ತರ. ಇನ್ನ ನಿಮ್ಮ ಠರಾವು?" ಎಂದರು. ದನಿಯಲ್ಲಿ ಉತ್ಸಾಹವಿರಲಿಲ್ಲ. ಭೀಮಣ್ಣ ತಲೆ ತಗ್ಗಿಸಿದ್ದ. ನಾನು ಕನ್ನಡಕ ಏರಿಸಿ, ಆ ಪುಟದ ಮೂಲೆಯ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದೆ. ಅಲ್ಲಿ ಅಚ್ಚಾಗಿದ್ದದ್ದು ಪುಸ್ತಕದ ಬೆಲೆ.

"ಆ ಚಹಾದಾಗ ವಿಷಾ ಹಾಕ್ಯಾರಂತ ಬರದೈತ್ರಿ," ಎಂದೆ.

"ಅಯ್ಯ ನನ್ನ ಹಾರಪ್ಪಾ!" ಎಂದು ಭೀಮಣ್ಣ ಎದೆ ಹಿಡಿದುಕೊಂಡ. ಸಾವಕಾರರು ಕೂಡಲೇ ಠರಾವನ್ನು ಮುಂದೂಡಿದರು. ಬಾಗಿಲ ಹತ್ತಿರ ನಮ್ಮಪ್ಪ ಪಕ್ಕದವರಿಗೆ ಹೇಳುತ್ತಿದ್ದ: "ಎಷ್ಟ ಸಣ್ಣ ಅಕ್ಷರ ನೋಡ್ರಿ! ನಮ್ಮ ಹುಡಗ ಬಿ.ಎ. ಓದಿರದಿದ್ರ ಅದು ಯಾರ ಕಣ್ಣಿಗೂ ಬೀಳತಿದ್ದಿಲ್ಲ."