ವರ್ಲಿನ್ ಬಾಯಿ ಮುಚ್ಚಿದ ಬುಧವಾರ

ನೆಬ್ರಾಸ್ಕಾದ ನಮ್ಮ ವೆಲ್ಡನ್ ಊರಿನಲ್ಲಿ ಆ ಬುಧವಾರ ನಡೆದ ಗಲಾಟೆಗೆಲ್ಲ ಮೂಲ ಇಷ್ಟೇ: ಕ್ಷೌರದಂಗಡಿಯ ವರ್ಲಿನ್ ಗ್ರೋಟ್ ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚಿಕೊಂಡಿದ್ದ.

ಬೇರೆ ಯಾರಾದರೂ ಬಾಯಿ ಮುಚ್ಚಿಕೊಂಡರೆ ಊರು ತಲೆ ಕೆಡಿಸಿಕೊಳ್ಳುವುದಿಲ್ಲ. ವರ್ಲಿನ್ ವಿಷಯ ಹಾಗಲ್ಲ. ಅವನ ಕುರ್ಚಿಯಲ್ಲಿ ಕೂತು ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡವನು ಪಾಪ, ಪಶ್ಚಾತ್ತಾಪ, ನರಕ, ರಕ್ಷಣೆ ಎಲ್ಲವನ್ನೂ ಕೇಳಿಸಿಕೊಂಡೇ ಏಳಬೇಕಿತ್ತು. ಯೇಸುವನ್ನು ನಂಬುತ್ತೀಯೋ ಇಲ್ಲವೋ ಎಂದು ಅವನು ಕೇಳುವ ಹೊತ್ತಿಗೆ ಸರಿಯಾಗಿ ಕತ್ತಿ ಗಂಟಲ ಮೇಲಿರುತ್ತಿತ್ತು. ಆಗ ಇಲ್ಲ ಅನ್ನುವ ಧೈರ್ಯ ಯಾರಿಗಿದೆ? ಹೂಂ ಅಂದು, ಮುಂದಿನ ಸಲ ಪಕ್ಕದೂರಿನ ಅಂಗಡಿಗೆ ಹೋಗುತ್ತಿದ್ದರು. ಹೀಗಾಗಿ ವರ್ಲಿನ್ ಈಚೆಗೆ ಹೆಚ್ಚಿನ ಹೊತ್ತು ನೊಣ ಹೊಡೆಯುತ್ತ ಕೂತಿರುತ್ತಿದ್ದ.

ನಮ್ಮ ಚರ್ಚಿಗೆ ಈ ವರ್ಷ ಬಂದ ಪಾಸ್ಟರ್ ಟ್ಯಾನರ್ ಚಿಕ್ಕ ವಯಸ್ಸಿನವರು, ಜೀನ್ಸ್ ತೊಟ್ಟೇ ಪ್ರವಚನ ಮಾಡುವವರು. ನೆರೆಹೊರೆಯವರ ಜೊತೆ ದೇವರ ವಿಷಯ ಮಾತಾಡುವುದು ಹೇಗೆಂದು ಅವರು ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಇಟ್ಟು ತರಗತಿ ನಡೆಸಿದರು. ಕಾಲ ಬದಲಾಗಿದೆ, ಉಪದೇಶ ಶುರುಮಾಡಿದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ, ಒಂದು ಪ್ರಶ್ನೆ ಕೇಳಿ ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ, ಅವರಾಗಿ ಕೇಳುವ ತನಕ ನಿಮ್ಮದೊಂದು ಮಾತೂ ಬೇಡ ಎಂಬುದು ಅದರ ಸಾರ. ಇಬ್ಬಿಬ್ಬರನ್ನು ಜೋಡಿ ಮಾಡಿ ಅಭ್ಯಾಸ ಮಾಡಿಸಿದಾಗ ವರ್ಲಿನ್ ಪ್ರಶ್ನೆಯನ್ನೂ ತಾನೇ ಕೇಳಿ, ಉತ್ತರವನ್ನೂ ತಾನೇ ಹೇಳಿ, ಎದುರಿಗಿದ್ದ ಮುದುಕಿಯನ್ನು ನರಕದಿಂದ ಎರಡು ಸಲ ರಕ್ಷಿಸಿಬಿಟ್ಟ. ಆಕೆ ಹುಟ್ಟಿದಾಗಿನಿಂದ ಇದೇ ಚರ್ಚಿನವಳು.

ಕೊನೆಗೆ ಪಾಸ್ಟರ್ ಅವನನ್ನು ಪಕ್ಕಕ್ಕೆ ಕರೆದು ಹೇಳಿದರು: "ವರ್ಲಿನ್ ಅವರೇ, ಒಂದೇ ಒಂದು ದಿನ ಸುಮ್ಮನಿದ್ದು ನೋಡಿ. ಡೆಲ್ಮರ್‌ಗೋಸ್ಕರ."

ಡೆಲ್ಮರ್ ಹೆಸರು ಬಂದ ಮೇಲೆ ವರ್ಲಿನ್ ವಾದಿಸಲಿಲ್ಲ. ಡೆಲ್ಮರ್ ಕುಚೆರಾ ಅವನ ಬಾಲ್ಯದ ಗೆಳೆಯ; ಮೆಕ್ಕೆಜೋಳ ಬೆಳೆಯುವವನು, ಚರ್ಚಿನಲ್ಲಿ ಹಾಡುತ್ತಿದ್ದ ಹೆಂಡತಿ ಲೊರೀನ್‌ಳನ್ನು ಕಳೆದುಕೊಂಡವನು. ಅವಳನ್ನು ಮಣ್ಣು ಮಾಡಿದ ದಿನ ಬಿಟ್ಟರೆ ಚರ್ಚಿನ ಮೆಟ್ಟಿಲು ತುಳಿದವನಲ್ಲ. ವರ್ಲಿನ್ ದಿನಾ ಮಲಗುವ ಮುನ್ನ ಮಂಡಿಯೂರಿ ಅವನಿಗಾಗಿ ಬೇಡಿಕೊಳ್ಳುತ್ತಿದ್ದ. ಸ್ವರ್ಗದಲ್ಲಿ ಹೊಳೆಯಿದ್ದು, ದೋಣಿಯಿದ್ದು, ದೋಣಿಯ ಇನ್ನೊಂದು ತುದಿಯಲ್ಲಿ ಗಾಳ ಹಿಡಿದ ಡೆಲ್ಮರ್ ಇಲ್ಲದಿದ್ದರೆ ಅಲ್ಲಿ ತಾನೇನು ಮಾಡುವುದು ಎಂಬ ಭಯ ಅವನಿಗೆ ನಿಜವಾಗಿಯೂ ಇತ್ತು. ಅವನ ಉಪದೇಶವನ್ನು ನಾವು ಎಷ್ಟೇ ಗೇಲಿ ಮಾಡಿದರೂ ಈ ಒಂದನ್ನು ಮಾತ್ರ ಗೇಲಿ ಮಾಡುತ್ತಿರಲಿಲ್ಲ.

ಬುಧವಾರ ಅಂಗಡಿ ತೆರೆದ ಕೂಡಲೇ ಬಂದವಳು ಚರ್ಚಿನ ಫರ್ನ್ ಬೋಮನ್, ಸಂಜೆಯ ಪ್ರಾರ್ಥನಾ ಕೂಟದ ಚೀಟಿಯನ್ನು ಕಿಟಕಿಗೆ ಅಂಟಿಸಲು. ವರ್ಲಿನ್ ನಕ್ಕು, ಹೇಗಿದ್ದೀಯ ಎಂದು ಕೇಳಿ ಸುಮ್ಮನಾದ. ಸೋಮವಾರ ಅಂಗಡಿ ಯಾಕೆ ಮುಚ್ಚಿತ್ತು ಎಂದಳು. ಒಮಾಹಾ ನಗರಕ್ಕೆ ಹೋಗಿದ್ದೆ ಎಂದ. ಯಾಕೆಂದು ಕೇಳಿದ್ದಕ್ಕೆ, ಮಾತನ್ನು ಎದುರಿನವರ ಕಡೆ ತಿರುಗಿಸಬೇಕೆಂಬ ಪಾಠ ನೆನಪಾಗಿ, "ನನ್ನ ವಿಷಯ ಬಿಡು ಫರ್ನ್. ನಿನ್ನ ಮನಸ್ಸಲ್ಲೇನಿದೆ, ಅದನ್ನ ಹೇಳು" ಎಂದು ಮೃದುವಾಗಿ ಹೇಳಿದ. ಫರ್ನ್ ಅವನ ಗಂಟಲನ್ನೇ ನೋಡಿದಳು. ಚೀಟಿಯನ್ನು ತಲೆಕೆಳಗಾಗಿ ಅಂಟಿಸಿ ಅವಸರದಲ್ಲಿ ಹೊರಟುಹೋದಳು.

ಪಾಠ ಇಷ್ಟು ಬೇಗ ಫಲ ಕೊಡುತ್ತದೆಂದು ವರ್ಲಿನ್ ಎಣಿಸಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಬೆಂಚು ತುಂಬಿತು. ಪಕ್ಕದೂರಿಗೆ ಹೋಗುತ್ತಿದ್ದವರೆಲ್ಲ ತಿರುಗಿ ಬಂದರು. ಒಬ್ಬ ರೈತ, ಎದುರುಮನೆಯವರ ಅಂಚೆಪೆಟ್ಟಿಗೆ ಉರುಳಿಸಿದ್ದು ಪಡ್ಡೆಹುಡುಗರಲ್ಲ, ತನ್ನ ಟ್ರ್ಯಾಕ್ಟರ್ ಎಂದು ಕನ್ನಡಿಗೆ ಹೇಳಿದ. ನಮ್ಮ ಚರ್ಚಿನ ಹಿರಿಯ ಆರ್ಲೋ, ತಾನು ಎಷ್ಟೋ ವರ್ಷಗಳಿಂದ ಪ್ರಾರ್ಥಿಸಿಯೇ ಇಲ್ಲ, ಕಣ್ಣು ಮುಚ್ಚಿದಾಗೆಲ್ಲ ಟ್ರ್ಯಾಕ್ಟರಿನ ಬಿಡಿಭಾಗಗಳೇ ಕಾಣುತ್ತವೆ ಎಂದು ಬಟ್ಟೆಯೊಳಗೆ ಮುಖ ಹುದುಗಿಸಿ ಅತ್ತ. ಶವಸಂಸ್ಕಾರದ ವ್ಯವಸ್ಥೆ ನೋಡಿಕೊಳ್ಳುವವನಂತೂ ತಲೆಯಲ್ಲಿ ಒಂದು ಕೂದಲಿಲ್ಲದಿದ್ದರೂ ಬಂದು ಕೂತ. ಕನ್ನಡಿಯಲ್ಲಿ ವರ್ಲಿನ್‌ನ ಭುಜದ ಅಗಲವನ್ನು ಕಣ್ಣಳತೆ ಮಾಡಿ, ಕೆಮ್ಮಿ, ತನಗೆ ಕತ್ತಲೆಂದರೆ ಭಯ ಎಂದು ಹೇಳಿ ಎದ್ದುಹೋದ.

ವರ್ಲಿನ್ ಎಲ್ಲರಿಗೂ ತಲೆಯಾಡಿಸಿದ. ಹೋಗುವಾಗ ಯಾರೂ ಅವನ ಕೈಯನ್ನು ಬೇಗ ಬಿಡಲೇ ಇಲ್ಲ. ಇಷ್ಟು ವರ್ಷ ತಾನು ಬಾಯಿ ಬಡಿದುಕೊಂಡಿದ್ದೆಲ್ಲ ದಂಡವಾಯಿತಲ್ಲ ಎಂದು ಅವನಿಗೆ ಹೊಟ್ಟೆ ಉರಿಯಿತು; ಜೊತೆಗೆ, ತಾನು ಇಷ್ಟು ಒಳ್ಳೆಯ ಕಿವಿಯವನೆಂದು ಯಾರಿಗೂ ತಿಳಿಸದೆ ಇರಬೇಕಲ್ಲ ಎಂದು ಬಾಯಿಯೂ ತುರಿಸಿತು.

ಮಧ್ಯಾಹ್ನ ಡೆಲ್ಮರ್ ಬಂದ. ಕ್ಯಾಪು ತೆಗೆದು ಕೂತ. ವರ್ಲಿನ್ ಕತ್ತರಿ ಹಿಡಿದು, ತರಗತಿಯಲ್ಲಿ ಕಲಿತ ಪ್ರಶ್ನೆಯನ್ನು ಕೇಳಿದ: "ಈಚೆಗೆ ನಿನ್ನ ಮನಸ್ಸನ್ನ ಕಾಡ್ತಿರೋದು ಏನು, ಡೆಲ್ಮರ್?"

ಡೆಲ್ಮರ್ ಕನ್ನಡಿಯಲ್ಲಿ ಬೆಂಚಿನ ಮೇಲಿದ್ದವರನ್ನು ನೋಡಿದ. ಆಮೇಲೆ, "ಇಲ್ಲಿ ಬೇಡ. ಸಂಜೆ ಚರ್ಚಿಗೆ ಬರ್ತೀನಿ, ಅಲ್ಲಿ ಹೇಳ್ತೀನಿ" ಎಂದ.

ವರ್ಲಿನ್‌ನ ಕತ್ತರಿ ತಪ್ಪಿ, ಡೆಲ್ಮರ್‌ನ ಹಿಂದಲೆಯಲ್ಲಿ ಹೆಬ್ಬೆರಳಿನಷ್ಟು ಜಾಗ ಬೋಳಾಯಿತು. ಡೆಲ್ಮರ್ ಅದನ್ನು ಸವರಿ ನೋಡಿಕೊಂಡು ಕ್ಯಾಪು ಹಾಕಿಕೊಂಡ.

ಸಂಜೆ ವರ್ಲಿನ್ ಗಾಳಿಯಲ್ಲಿ ತೇಲುತ್ತ ಮನೆಗೆ ಹೋದರೆ ಜಗಲಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ನೂಡಲ್ಸ್, ಮಾಂಸ, ಚೀಸ್ ಬೇಯಿಸಿ ತುಂಬಿದ ಗಾಜಿನ ಬೋಗುಣಿಗಳು, ಒಂದೊಂದರ ತಳಕ್ಕೂ ಒಡತಿಯ ಹೆಸರು. ನಮ್ಮ ಕಡೆ ಸಾವಿಗಿಂತ ಮೊದಲು ಮನೆ ತಲುಪುವುದು ಈ ಬೋಗುಣಿಗಳೇ. ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಬಂದಿದ್ದ ಹೆಂಡತಿ ಅರ್ಡಿಸ್ ಅವುಗಳ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಯಾವಾಗ ಸಾಯ್ತಿದ್ದೀಯ ವರ್ಲಿನ್? ಊರಿಗೆಲ್ಲ ಹೇಳಿದ್ದೀಯಂತೆ. ಕಟ್ಕೊಂಡವಳಿಗೆ ಒಂದು ಮಾತು ಹೇಳಬಾರದಾಗಿತ್ತಾ?"

"ನಾನಾ? ನಾನು ಇವತ್ತು ಏನೂ ಹೇಳೇ ಇಲ್ಲ ಕಣೇ."

"ಅದೇ ಆಗಿರೋದು."

ಫರ್ನ್ ಪ್ರಾರ್ಥನಾ ಸರಪಳಿಗೆ ಸುದ್ದಿ ಕೊಟ್ಟಿದ್ದಳು. ಯಾರಿಗಾದರೂ ಕಷ್ಟ ಬಂದರೆ ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ ಪ್ರಾರ್ಥಿಸಿ ಎನ್ನುವ ಏರ್ಪಾಡು ಅದು. ದೇವರಿಗೆ ಮುಟ್ಟುವ ಮೊದಲು ಊರಿಗೆ ಮುಟ್ಟಿರುತ್ತದೆ. ವರ್ಲಿನ್ ಮಾತಾಡುತ್ತಿಲ್ಲ, ದೊಡ್ಡಾಸ್ಪತ್ರೆಗಳಿರುವ ಒಮಾಹಾಕ್ಕೆ ಹೋಗಿಬಂದಿದ್ದಾನೆ, ಕೇಳಿದರೆ ಮಾತು ಮರೆಸುತ್ತಾನೆ ಎಂದು ಅವಳು ಹೇಳಿದ್ದು. ಮೂರನೆಯ ಫೋನಿಗೆ ಅದು ಗಂಟಲ ಗಡ್ಡೆಯಾಯಿತು. ಊಟದ ಹೊತ್ತಿಗೆ ಮೆಕ್ಕೆಜೋಳದ ಕೊಯ್ಲಿನ ತನಕ ಉಳಿದರೆ ಹೆಚ್ಚು ಎಂದಾಯಿತು.

ವರ್ಲಿನ್ ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಜನ ಮನಸ್ಸು ಬಿಚ್ಚಿದ್ದು ಅವನ ಕಿವಿಗಲ್ಲ. ಹೇಳಿದ್ದೆಲ್ಲ ಬೇಗ ಮಣ್ಣಿಗೆ ಹೋಗುತ್ತದೆಂಬ ಧೈರ್ಯಕ್ಕೆ.

ಕೂಟ ಶುರುವಾಗುವ ಮೊದಲೇ ಎಲ್ಲರಿಗೂ ನಿಜ ಹೇಳಿಬಿಡಬೇಕೆಂದು ಅವನು ಚರ್ಚಿಗೆ ಓಡಿದ. ಆದರೆ ಹಿಂದಿನ ಬೆಂಚಿನಲ್ಲಿ ಡೆಲ್ಮರ್ ಆಗಲೇ ಕೂತಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಪಕ್ಕದಲ್ಲಿ ಕೂರುವಂತೆ ಬೆಂಚನ್ನು ತಟ್ಟಿದ.

"ನೀನು ನೆಮ್ಮದಿಯಿಂದ ಹೋಗ್ಬೇಕು, ಅದಕ್ಕೆ ಹೇಳ್ತಿದ್ದೀನಿ. ಪ್ರತಿ ಭಾನುವಾರ ನಾನು ಇಲ್ಲಿಗೆ ಬರ್ತೀನಿ ಕಣಯ್ಯಾ. ಹಿಂದುಗಡೆ ಕಾಳಿನ ಗೋದಾಮಿನ ಪಕ್ಕ ಟ್ರಕ್ ನಿಲ್ಲಿಸಿ, ಕಿಟಕಿ ಇಳಿಸ್ಕೊಂಡು ಹಾಡು ಕೇಳ್ತೀನಿ. ಲೊರೀನ್ ಹಾಡೋದು ಕೇಳೋಣ ಅಂತ ಶುರುವಾಗಿದ್ದು. ಅವಳು ಹೋದ್ಮೇಲೂ ಬಿಡಕ್ಕಾಗ್ಲಿಲ್ಲ. ಈಗೀಗ ನಾನೂ ಜೊತೆಗೆ ಹಾಡ್ಕೋತೀನಿ."

"ಮತ್ತೆ ಒಳಗೆ ಯಾಕೆ ಬರಲಿಲ್ಲ?" ಎಂದು ವರ್ಲಿನ್ ಕೇಳಿದ. ಆ ದಿನ ಅವನು ಪಾಠದ ನೆನಪಿಲ್ಲದೆ ಕೇಳಿದ ಪ್ರಶ್ನೆ ಅದೊಂದೇ.

"ನಿನ್ನಿಂದ. ಒಂದು ಹೆಜ್ಜೆ ಒಳಗಿಟ್ಟಿದ್ರೆ ಬದುಕಿರೋ ತನಕ ಅದನ್ನೇ ಹೇಳ್ತಿದ್ದೆ ನೀನು. ಕುರ್ಚಿಗೆ ಬಂದವರಿಗೆಲ್ಲ ನನ್ನನ್ನ ತೋರಿಸಿ, ನೋಡಿ, ಇದು ನಾನು ಹಿಡಿದ ಮೀನು ಅಂತಿದ್ದೆ. ನನಗೆ ದೇವರ ಹತ್ರ ತಕರಾರಿರಲಿಲ್ಲ ವರ್ಲಿನ್. ಈಗ ನೀನು ಹೊರಟಿದ್ದೀಯ. ಇನ್ನು ಬರ್ತೀನಿ. ಅಷ್ಟು ತಿಳ್ಕೊಂಡು ಹೋಗು."

ಅಷ್ಟರಲ್ಲಿ ಪಾಸ್ಟರ್ ವರ್ಲಿನ್‌ನನ್ನು ಮುಂದೆ ಕರೆದು ಕೂರಿಸಿದರು. ಎಲ್ಲರೂ ಸುತ್ತ ನಿಂತು ಅವನ ತಲೆ, ಭುಜದ ಮೇಲೆ ಕೈಯಿಟ್ಟರು. ಹಿಂದಿನ ಬೆಂಚಿನಿಂದ ಡೆಲ್ಮರ್ ಕೂಡ ಎದ್ದು ಬಂದು ತನ್ನ ಒರಟು ಕೈಯನ್ನು ಎಡಭುಜದ ಮೇಲಿಟ್ಟ. ವರ್ಲಿನ್ ಆ ಕ್ಷಣ ಸಾಯುವುದಕ್ಕೂ ತಯಾರಿದ್ದ. ಸುಮ್ಮನಿದ್ದರೆ ಸಾಕಿತ್ತು; ಬೆಳಗಿನಿಂದ ಅದನ್ನೇ ತಾನೆ ಮಾಡಿದ್ದು. ಆದರೆ ಭುಜದ ಮೇಲಿನ ಆ ಕೈ ಅವನನ್ನು ಹೋಗಗೊಡದಂತೆ ಬಿಗಿಯಾಗಿ ಹಿಡಿದಿತ್ತು. ಅದನ್ನು ತಡೆದುಕೊಳ್ಳುವುದು ಅವನಿಂದಾಗಲಿಲ್ಲ.

"ನನಗೇನೂ ಆಗಿಲ್ಲ," ಎಂದ ಎದ್ದು ನಿಂತು. "ಒಮಾಹಾಕ್ಕೆ ಹೋಗಿದ್ದು ಕೂದಲು ಕತ್ತರಿಸೋ ಮಷಿನ್ ರಿಪೇರಿಗೆ."

ಸಂತೋಷಪಡಬೇಕಾದ ಸುದ್ದಿಗೆ ಅಷ್ಟೊಂದು ಮುಖಗಳು ಬಿಳಿಚಿಕೊಂಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆರ್ಲೋ ಗೋಡೆ ಹಿಡಿದುಕೊಂಡ. ಅಂಚೆಪೆಟ್ಟಿಗೆಯ ರೈತ ಬಾಗಿಲು ಹುಡುಕಿದ. ಮೊದಲೇ ಹೇಳಬಾರದಿತ್ತೇ ಎಂದು ಫರ್ನ್ ರೇಗಿದಳು.

"ಹಾಗಾದ್ರೆ ಬದುಕಿರ್ತೀಯ," ಎಂದ ಡೆಲ್ಮರ್.

"ಹೂಂ, ಡೆಲ್ಮರ್."

"ಒಳ್ಳೇದಾಯ್ತು ಬಿಡು." ಅವನು ಮನಸ್ಸಿನಿಂದಲೇ ಹಾಗೆಂದ, ಕಣ್ಣು ಒದ್ದೆಯಾಗಿತ್ತು. ಆಮೇಲೆ ಕ್ಯಾಪು ಹಾಕಿಕೊಂಡು ಹೊರಗೆ ನಡೆದ. ಯಾರಿಗೂ ಹೇಳುವುದಿಲ್ಲ, ಆಣೆ ಎಂದು ಕೂಗಬೇಕೆಂದು ವರ್ಲಿನ್ ಬಾಯಿ ತೆರೆದ. ತನ್ನ ಬಾಯಿಂದ ಬಂದರೆ ಆ ಮಾತನ್ನು ಯಾರು ನಂಬುತ್ತಾರೆ ಎಂದು ಹೊಳೆದು ಮುಚ್ಚಿಕೊಂಡ.

ಮರುದಿನ ಹೆಂಗಸರು ಬಂದು ಬೋಗುಣಿಗಳನ್ನು ವಾಪಸು ಒಯ್ದರು, ಒಳಗಿನ ಊಟದ ಸಮೇತ. ಅಂಗಡಿಗೆ ಯಾರೂ ಬರಲಿಲ್ಲ. ಗುಟ್ಟು ಹೇಳಿಕೊಂಡವರು ವರ್ಲಿನ್ ಎದುರಾದರೆ ರಸ್ತೆ ದಾಟಿ ನಡೆಯತೊಡಗಿದರು. ತಾನು ಬಾಯಿ ಬಿಡುವುದಿಲ್ಲವೆಂದು ತೋರಿಸಲು ಅವನು ಇನ್ನಷ್ಟು ಸುಮ್ಮನಾದ. ಅದರಿಂದ ಅವರ ಭಯ ಇನ್ನಷ್ಟು ಹೆಚ್ಚಿತು.

ಭಾನುವಾರ ವರ್ಲಿನ್ ಚರ್ಚಿನೊಳಗೆ ಹೋಗಲಿಲ್ಲ. ತಾನಿಲ್ಲದಿದ್ದರೆ ಡೆಲ್ಮರ್ ಹೋಗಬಹುದು ಎಂದುಕೊಂಡು ಕಾರನ್ನು ಗೋದಾಮಿನ ಆಚೆ ಮರದ ಕೆಳಗೆ ನಿಲ್ಲಿಸಿ ಕೂತ. ಸ್ವಲ್ಪ ಹೊತ್ತಿಗೆ ಟ್ರಕ್ ಬಂತು. ಹಿಂದಿನ ಗಾಜಿನಲ್ಲಿ ಡೆಲ್ಮರ್‌ನ ತಲೆಯ ಬೋಳು ಜಾಗ ಕಾಣುತ್ತಿತ್ತು. ಕಿಟಕಿ ಇಳಿಯಿತು. ಒಳಗೆ ಹಾಡು ಶುರುವಾಯಿತು, ಅದರ ಜೊತೆ ಟ್ರಕ್ಕಿನಿಂದ ಒಂದು ದಪ್ಪ ದನಿ, ಶ್ರುತಿಗಿಂತ ಸ್ವಲ್ಪ ಕೆಳಗೆ. ಅಷ್ಟು ವರ್ಷಗಳ ಸ್ನೇಹದಲ್ಲಿ ವರ್ಲಿನ್ ಆ ದನಿ ಹಾಡಿದ್ದನ್ನು ಕೇಳಿರಲಿಲ್ಲ. ಇಳಿ, ಇಳಿದು ಒಳಗೆ ಹೋಗು ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ.

ಡೆಲ್ಮರ್ ಕನ್ನಡಿಯಲ್ಲಿ ಅವನನ್ನು ಕಂಡ. ಹಾಡು ನಿಂತಿತು. ನಮ್ಮ ಕಡೆ ದಾರಿಯಲ್ಲಿ ಎದುರಾದವರಿಗೆ ಮಾಡುವಂತೆ ಸ್ಟೀರಿಂಗಿನಿಂದ ಒಂದು ಬೆರಳೆತ್ತಿದ. ವರ್ಲಿನ್ ಕೂಡ ಎತ್ತಿದ. ಆಮೇಲೆ ಡೆಲ್ಮರ್ ಕಿಟಕಿಯ ಗಾಜು ಏರಿಸಿಕೊಂಡ. ಅವನು ಮತ್ತೆ ಹಾಡುತ್ತಿದ್ದನೋ ಇಲ್ಲವೋ ವರ್ಲಿನ್‌ಗೆ ಕೇಳಿಸಲಿಲ್ಲ.